ಇಜೇರಿಯ ಹಗೇವು ತೆಗೆಯುವವರಿಗೆ

ಫಸಲಿ ಸಾವಿರದ ಮುನ್ನೂರ ಮೂವತ್ತಾರರಲ್ಲಿ, ಅಂದರೆ ಇಂಗ್ಲಿಷರ ಲೆಕ್ಕದ ಇಪ್ಪತ್ತೇಳನೆಯ ಇಸವಿಯಲ್ಲಿ, ನಾನು ಸಾಲಿ ಬಿಟ್ಟೆ. ಅಪ್ಪನ ಸೊಂಟ ಹಿಡಿದುಕೊಂಡಿತ್ತು, ಅವನ ಕೆಲಸಕ್ಕೆ ಕೈ ಬೇಕಾಗಿತ್ತು. ಅಷ್ಟರೊಳಗೆ ಸಾಲಿಯ ಐನೋರ ಹತ್ತಿರ ಕನ್ನಡ ಓದುವುದು, ಬರೆಯುವುದು, ಕಾಲು ಅರೆ ಮುಕ್ಕಾಲಿನ ಲೆಕ್ಕ ಕಲಿತಾಗಿತ್ತು. ಇಜೇರಿಯಲ್ಲಿ ಹಾರೆ ಹಿಡಿಯುವ ಕೈಗಳಲ್ಲಿ ಲೇಖಣಿ ಹಿಡಿಯಬಲ್ಲದ್ದು ನನ್ನದೊಂದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಊರಿಗೂ ಗೊತ್ತಿರಬೇಕು ಎಂದುಕೊಂಡಿದ್ದೆ.

ನಮ್ಮದು ಹಗೇವಿನ ಕೆಲಸ. ನಮ್ಮ ಕಡೆ ಜೋಳವನ್ನು ನೆಲದೊಳಗೆ ಇಡುತ್ತಾರೆ. ನೀರು ನಿಲ್ಲದ ಗರಸಿನ ದಿಬ್ಬ ನೋಡಿ, ಒಬ್ಬ ಆಳು ಇಳಿಯುವಷ್ಟೇ ಬಾಯಿ ಬಿಟ್ಟು, ಕೆಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲಿಸಿ ತೋಡಬೇಕು. ಒಳಗೆ ಜೋಳದ ದಂಟಿನ ಕಣಿಕೆ ಸುಟ್ಟು ತೇವ ತೆಗೆಯಬೇಕು. ತಳಕ್ಕೆ ಹೊಟ್ಟು ಹಾಸಿ, ಗೋಡೆಗೆ ಒಣಹುಲ್ಲಿನ ಹುರಿ ಸುತ್ತಿ, ಕುತ್ತಿಗೆಯವರೆಗೆ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಇಡುವುದು ಸುಲಭ, ತೆಗೆಯುವುದು ಕಷ್ಟ. ಮುಚ್ಚಿದ ಕಾಳು ಒಳಗೇ ಉಸಿರಾಡಿ ಗಾಳಿಯನ್ನು ಕೆಡಿಸಿರುತ್ತದೆ. ಆ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಇಳಿದವನಿಗೆ ಕೂಗುವಷ್ಟು ಪುರುಸೊತ್ತನ್ನೂ ಕೊಡುವುದಿಲ್ಲ. ಅದಕ್ಕೇ ಹಿಂದಿನ ಸಂಜೆ ಕಲ್ಲು ಸರಿಸಿ ರಾತ್ರಿಯೆಲ್ಲ ಬಾಯಿ ತೆರೆದಿಡುತ್ತೇವೆ. ಬೆಳಿಗ್ಗೆ ಕಂಬಳಿ ಇಳಿಬಿಟ್ಟು ಬೀಸಿ ಗಾಳಿ ಆಡಿಸುತ್ತೇವೆ. ಆಮೇಲೆ ಬುಟ್ಟಿಯಲ್ಲಿ ಹಣತೆ ಇಟ್ಟು ಕೆಳಗೆ ಬಿಡುತ್ತೇವೆ. ದೀಪ ನಿಂತರೆ ಆಳು ಇಳಿಯಬಹುದು, ಆರಿದರೆ ಇಳಿಯಬಾರದು. ಇದು ಅಪ್ಪ ಹಾಕಿಕೊಟ್ಟ ಕಾಯ್ದೆ.

ಈ ಕಾಯ್ದೆಯನ್ನು ಅಪ್ಪನಿಂದ ಕಲಿತವರು ಇಬ್ಬರು, ನಾನು ಮತ್ತು ನನ್ನ ದೊಡ್ಡಪ್ಪನ ಮಗ. ಅವನು ನನಗಿಂತ ದೊಡ್ಡವನು, ಓಣಿಯ ಆಚೆ ಮನೆ. ಅಣ್ಣ ಒಂದು ದಿನವೂ ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಅವನ ಬಾಯಿ ದೊಡ್ಡದು, ನಗು ದೊಡ್ಡದು, ಎದೆ ಅದಕ್ಕಿಂತ ದೊಡ್ಡದು. ಊರ ಹಗೇವುಗಳಲ್ಲಿ ಹೆಚ್ಚಿನವನ್ನು ತೋಡಿದವನು ನಾನು. ತೆಗೆಯುವ ದಿನ ಜನ ಸೇರುವುದು, ಹೆಸರು ಕೂಗುವುದು ಮಾತ್ರ ಅಣ್ಣನಿಗೆ. ತೋಡುವಾಗ ನೋಡಲು ಯಾರು ಬರುತ್ತಾರೆ?

ನಾನು ಸಾಲಿ ಬಿಟ್ಟು ಹದಿನೈದು ವರ್ಷವಾಗಿತ್ತು, ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಮನೆಮನೆಯಲ್ಲೂ ಕುಸುಬೆ ಎಣ್ಣೆಯ ಹಣತೆ ಮತ್ತೆ ಹೊರಗೆ ಬಂದಿತ್ತು. ಬೇಸಿಗೆಯ ಒಂದು ಮಧ್ಯಾಹ್ನ ಅಣ್ಣ ಒಂದು ಟಪಾಲು ಕಾರ್ಡು ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದ. ಜೇವರ್ಗಿಯಿಂದ ಬಂದದ್ದು. ಮೇಲೆ ಹೆಸರಿರಲಿಲ್ಲ. ‘ಇಜೇರಿಯ ಹಗೇವು ತೆಗೆಯುವವರಿಗೆ’ ಎಂದಷ್ಟೇ ಬರೆದಿತ್ತು. ಟಪಾಲಿನವನು ಅದನ್ನು ಚಾವಡಿಯಲ್ಲಿ ಗೌಡರ ಕೈಗೆ ಕೊಟ್ಟಿದ್ದ. ಗೌಡರು ಎದುರಿಗೆ ಕುಳಿತಿದ್ದ ಅಣ್ಣನ ಕೈಗೆ ಕೊಟ್ಟಿದ್ದರು. ಹಗೇವು ತೆಗೆಯುವವನು ಎಂದರೆ ಅವನೇ ಎಂಬುದರಲ್ಲಿ ಅವರಿಗೆ ಅನುಮಾನವೇ ಬಂದಿರಲಿಲ್ಲ.

“ಓದಲೇ ತಮ್ಮಾ, ನನಗ ಏನೋ ಬಂದದ,” ಎಂದ ಅಣ್ಣ.

ಓದಿದೆ. ಬರೆದವರು ಮಕ್ಕಳು. ಜೇವರ್ಗಿಯ ವ್ಯಾಪಾರಿಯೊಬ್ಬರು ತಮ್ಮ ವಾಡೆಯ ಪಡಸಾಲೆಯಲ್ಲಿ ಹೊಸ ತರಹದ ಶಾಲೆ ತೆರೆಸಿದ್ದರು. ಮದ್ರಾಸಿನ ಕಡೆ ಮಾಂಟೆಸ್ಸರಿ ಪದ್ಧತಿ ಕಲಿತು ಬಂದ ಅಕ್ಕೋರು ಅಲ್ಲಿ ಕಲಿಸುತ್ತಿದ್ದರು. ಆ ಪದ್ಧತಿಯಲ್ಲಿ ಮಕ್ಕಳು ಏನನ್ನಾದರೂ ಕಣ್ಣಾರೆ ನೋಡಬೇಕೆಂದರೆ ತಾವೇ ಗೊತ್ತುಮಾಡಿ, ತಾವೇ ಕಾಗದ ಬರೆದು, ತಾವೇ ಗಾಡಿ ಹೊಂದಿಸಿಕೊಂಡು ಹೋಗಬೇಕಂತೆ. ದೊಡ್ಡವರು ಜೊತೆಗೆ ಹೋಗುವುದು ಕಾವಲಿಗೆ ಮಾತ್ರ. ನಾಲ್ಕು ಮಕ್ಕಳು ಸೇರಿ ಹಗೇವು ತೆಗೆಯುವುದನ್ನು ನೋಡಬೇಕೆಂದು ಗೊತ್ತುಮಾಡಿದ್ದರು. ಯಾವಾಗ ತೆಗೆಯುತ್ತೀರಿ, ಬರಬಹುದೇ ಎಂದು ಕೇಳಿದ್ದರು.

ಅಣ್ಣ ಮೀಸೆ ಸವರಿಕೊಂಡು ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಗೌಡರ ಹಗೇವು ತೆಗೆಯುವುದಿದೆ, ಬರಲಿ ಎಂದು ಬರೆಯಲು ಹೇಳಿ ಎದ್ದುಹೋದ. ಬರೆದು ಕೆಳಗೆ ಅವನ ಹೆಸರು ಹಾಕಿದೆ. ಹಾಕುವಾಗ ಕೈ ನಿಧಾನವಾಯಿತು. ಕಾರ್ಡು ಬಂದದ್ದು ಕೆಲಸದ ಹೆಸರಿಗೆ, ಆಳಿನ ಹೆಸರಿಗಲ್ಲ. ಕೆಲಸ ನನ್ನದೂ ಹೌದು. ಅದನ್ನು ಓದಬಲ್ಲವನು ನಾನೊಬ್ಬನೇ ಇದ್ದೆ, ಆದರೂ ಅದು ನನ್ನದಾಗಲಿಲ್ಲ.

ಮಕ್ಕಳ ಎರಡನೆಯ ಕಾಗದ ಉದ್ದವಾಗಿತ್ತು, ತುಂಬ ಸವಾಲುಗಳಿದ್ದವು. ಬಾಯಿ ಯಾಕೆ ಸಣ್ಣದು? ಗೋಡೆಗೆ ತಾಗಿದ ಕಾಳು ಯಾಕೆ ಕಪ್ಪಾಗುತ್ತದೆ? ದೀಪ ಆರುವುದು ಎಣ್ಣೆ ತೀರಿಯೋ, ಗಾಳಿ ತೀರಿಯೋ? ಅಣ್ಣ ಅರ್ಧ ಕೇಳಿ ಆಕಳಿಸಿದ. “ನೀನೇ ಏನರ ಬರದು ಹಾಕು. ಭಾಳ ತಲಿ ತಿಂತಾವ ಈ ಹುಡುಗ್ರು,” ಎಂದ. ನಾನು ಬರೆದೆ. ಸಂಜೆ ಹೊಲದಿಂದ ಬಂದು ಕೈ ತೊಳೆದು ಕುಳಿತು, ಅಪ್ಪ ಹೇಳಿದ್ದು, ನಾನು ಕಂಡದ್ದು, ಎಲ್ಲವನ್ನೂ ಒಂದೊಂದಾಗಿ ಬರೆದೆ. ಹಾಗೆ ಕೂತು ಬರೆಯುವ ಸುಖ ಸಾಲಿ ಬಿಟ್ಟ ಮೇಲೆ ಸಿಕ್ಕಿರಲಿಲ್ಲ. ಆದರೆ ಕಾಗದದ ಕೊನೆಗೆ ಬಂದಾಗ ಅಣ್ಣನ ಹೆಸರು ಬರೆಯಬೇಕು, ಆಗ ಬಾಯಿ ಕಹಿಯಾಗುತ್ತಿತ್ತು.

ಹೆಂಡತಿ ಒಲೆಯ ಮುಂದಿನಿಂದ ಹೇಳಿದಳು, “ಬೀಗರ ಮದಿವಿಗಿ ಹಪ್ಪಳ ಮಾಡಿ ಕೊಟ್ಟಂಗ ಆತು ನೋಡ್ರಿ ನಿಮ್ಮ ಕತಿ. ಉಂಡವರು ಯಾರನ್ನ ಹೊಗಳತಾರ?”

ದಿನದ ಲೆಕ್ಕ ಹಾಕುವ ಕೆಲಸ ಆ ನಾಲ್ವರಲ್ಲಿ ಕಚೇರಿಯ ಪೇಶಕಾರರ ಮಗನದು. ಅವನು ಸೋಮವಾರ ಹೊರಡುವುದೆಂದು ಬರೆದಿದ್ದ. ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ತಿಳಿಸಬೇಕೆಂದು ಕಾರ್ಡು ತೆಗೆಯುವಷ್ಟರಲ್ಲಿ ಅವರದೇ ಬಂತು. ಗಾಡಿಯವನನ್ನು ಕೇಳಲು ಹೋದಾಗ ಗೊತ್ತಾಯಿತು, ನಮ್ಮ ಲೆಕ್ಕ ತಪ್ಪಿತ್ತು, ಬುಧವಾರ ಹೊರಡುತ್ತೇವೆ ಎಂದು ಬರೆದಿದ್ದರು. ಅಕ್ಕೋರು ಮೊದಲೇ ತಿದ್ದಿರಲಿಲ್ಲ, ಮಕ್ಕಳು ತಾವೇ ಮುಗ್ಗರಿಸಿ ತಾವೇ ಎದ್ದಿದ್ದರು. ಐನೋರ ಸಾಲಿಯಲ್ಲಿ ತಪ್ಪಿದರೆ ಬೆತ್ತ ಮಾತಾಡುತ್ತಿತ್ತು. ಇವರಿಗೆ ತಪ್ಪುವುದಕ್ಕೂ ಅಪ್ಪಣೆ ಇತ್ತು. ಅಣ್ಣನ ಮೇಲಿದ್ದ ಉರಿ ಅಂದು ಸ್ವಲ್ಪ ಆ ಮಕ್ಕಳ ಕಡೆಗೂ ತಿರುಗಿತು.

ಹೊಸ ಹಗ್ಗಕ್ಕೆಂದು ಜೇವರ್ಗಿಯ ಸಂತೆಗೆ ಹೋದವನು ಆ ವಾಡೆಯನ್ನು ನೋಡದೆ ಬರಲಾಗಲಿಲ್ಲ. ನೆಲದ ಮೇಲೆ ಚಾಪೆ ಹಾಸಿ, ದಾರ ಎಳೆದು ದಾರಿ ಮಾಡಿ, ಹಳ್ಳಕ್ಕೊಂದು ಊರಿಗೊಂದು ಹರಳು ಇಟ್ಟುಕೊಂಡು ಮಕ್ಕಳು ಕುಳಿತಿದ್ದರು. ಎತ್ತಿಗೆ ಎಲ್ಲಿ ನೀರು, ಎಲ್ಲಿ ತಂಗುವುದು, ರೊಟ್ಟಿ ಎಷ್ಟು ಕಟ್ಟಿಕೊಳ್ಳುವುದು ಎಂಬ ಚರ್ಚೆ ನಡೆದಿತ್ತು. ಅಕ್ಕೋರು ದೂರದ ಮಣೆಯ ಮೇಲೆ ಕುಳಿತು ಬೇರೆ ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಗೂಡಿನಲ್ಲಿ ಒಂದು ಗಾಜಿನ ಭರಣಿ ಇತ್ತು. ಮೊಳಕೆ ಬಂದ ಜೋಳ ತುಂಬಿ, ಬಾಯಿ ಬಿಗಿದು, ಎರಡು ದಿನ ಇಟ್ಟು, ಉರಿಯುವ ಬತ್ತಿಯನ್ನು ಒಳಗೆ ಬಿಟ್ಟರೆ ಪಟ್ಟನೆ ಆರುತ್ತದೆ. ವ್ಯಾಪಾರಿಯ ಮಗಳು ಅದನ್ನು ಮಾಡಿ ತೋರಿಸಿದಳು. ಅವರ ಗುಂಪಿಗೆ ಅವಳೇ ಯಜಮಾನಿ.

ನಾನು ಯಾವ ಊರಿನವನೆಂದು ಹೇಳಿರಲಿಲ್ಲ. ಅವಳಾಗಿಯೇ ಪೆಟ್ಟಿಗೆಯಿಂದ ಕಾಗದಗಳನ್ನು ತೆಗೆದು, ಇಜೇರಿಯ ಕಾಕಾ ಬರೆದದ್ದೆಂದು ಮುಂದೆ ಹಿಡಿದಳು. ನನ್ನವೇ ಕಾಗದಗಳು. “ಎಷ್ಟ ಚಂದ ತಿಳಿಸಿ ಬರದಾರ ನೋಡ್ರಿ. ಅವರ ಮಾತ ಓದಿದ್ರ ಹಗೇವು ಕಣ್ಣಿಗಿ ಕಂಡಂಗ ಆಗ್ತದ,” ಎಂದಳು.

ಬರೆದವನು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೇಳಿ ಪಡೆಯುವ ಮಾನ ನನಗೆ ಬೇಡವಾಗಿತ್ತು. ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಎದ್ದುಬಂದೆ. ದಾರಿಯುದ್ದಕ್ಕೂ ಅವಳ ಹೊಗಳಿಕೆ ನನ್ನನ್ನು ಸುಟ್ಟಿತು. ನನಗೆ ಸಲ್ಲಬೇಕಾದದ್ದು ಅಣ್ಣನ ಮನೆಯ ಗೋಡೆಯ ಗೂಡಿನಲ್ಲಿ ಹೋಗಿ ಕೂತಿತ್ತು.

ಕೊನೆಯ ಕಾಗದದಲ್ಲಿ ಒಂದು ಬೇಡಿಕೆ ಇತ್ತು. ನಾವು ಸಂಜೆ ಕತ್ತಲಾದ ಮೇಲೆ ಊರು ಮುಟ್ಟುತ್ತೇವೆ, ಮರುದಿನ ಬೆಳಿಗ್ಗೆ ಕಲ್ಲು ಎತ್ತುವುದನ್ನೂ ನೋಡಬೇಕು, ಮಧ್ಯಾಹ್ನ ಹೊರಡಬೇಕು ಎಂದು ಬರೆದಿದ್ದರು. ಕಲ್ಲು ಹಿಂದಿನ ಸಂಜೆಯೇ ಸರಿಯಬೇಕು ಎಂದು ಅಣ್ಣನಿಗೆ ನೆನಪಿಸಿದೆ. ಅವನು ಕೇಳಲಿಲ್ಲ. ಅಷ್ಟು ದೂರದಿಂದ ಬರುವ ಮಕ್ಕಳಿಗೆ ತೆರೆದ ಬಾಯಿ ತೋರಿಸುವುದೇ, ನೆಲ ಬಾಯಿ ಬಿಡುವುದನ್ನೇ ತೋರಿಸಬೇಕು ಎಂದ. ಅವನು ಹೇಳಿದಂತೆಯೇ ಬರೆದೆ. ಜೊತೆಗೆ ನನ್ನದೊಂದು ಸಾಲು ಸೇರಿಸಿದೆ. ದೀಪ ಆರಿದರೆ ಅಂದು ಯಾರೂ ಇಳಿಯುವುದಿಲ್ಲ, ಹಗೇವಿನ ಧಣಿ ಹೇಳಿದರೂ ಇಳಿಯುವುದಿಲ್ಲ, ಆಗ ನೀವು ಕಾಳು ನೋಡದೆಯೇ ಹೋಗಬೇಕಾದೀತು. ಓದಿ ಹೇಳಿದಾಗ ಅಣ್ಣ ಹೂಂ ಎಂದ. ಅವನ ಗಮನ ಎಲ್ಲಿತ್ತೋ.

ಮಕ್ಕಳು ಬಂದರು. ಬೆಳಿಗ್ಗೆ ದಿಬ್ಬದ ಮೇಲೆ ಅರ್ಧ ಊರು ಸೇರಿತ್ತು. ಮೋಡ ಮುಚ್ಚಿತ್ತು, ಒಂದು ಎಲೆ ಅಲುಗುತ್ತಿರಲಿಲ್ಲ. ಹಗೇವಿಗೆ ಅಂಥ ದಿನ ಒಳ್ಳೆಯದಲ್ಲ. ಅಣ್ಣ ಹೊಸ ರುಮಾಲು ಸುತ್ತಿದ್ದ. ಗೌಡರು ಕಂಬಳಿ ಹಾಸಿ ಕುಳಿತಿದ್ದರು. ಮಕ್ಕಳಲ್ಲಿ ಒಬ್ಬನ ಕೈಯಲ್ಲಿ ಕಲ್ಲು ಕಟ್ಟಿದ ಅಳತೆಯ ಹಗ್ಗ, ಒಬ್ಬಳ ಕೈಯಲ್ಲಿ ಪಾಟಿ, ಪೇಶಕಾರರ ಮಗನಿಗೆ ಸವಾಲು ಕೇಳುವ ಕೆಲಸ. ಅಕ್ಕೋರು ಬೇವಿನ ಮರದ ಕೆಳಗೆ ನಿಂತಿದ್ದರು. ಊರಿನವರು ಮಾತಾಡಿಸಿದರೆ ಕೈಮುಗಿದು, ಮಕ್ಕಳನ್ನು ಕೇಳ್ರಿ, ತಿರುಗಾಟ ಅವರದು ಎನ್ನುತ್ತಿದ್ದರು.

ಮೇಲಿನ ಮಣ್ಣು ಕೆದರಿ, ಬಾಯಿಯ ಸುತ್ತ ಗುಡಿಸಿ, ಎರಡು ಹಾರೆ ಹಾಕಿ ನಾನೂ ಅಣ್ಣನೂ ಹಾಸುಗಲ್ಲು ಸರಿಸಿದೆವು. ಹುಳಿತ ಹಿಟ್ಟಿನ ವಾಸನೆ ಎದ್ದಿತು. ಎಲ್ಲರನ್ನೂ ಹಿಂದೆ ಸರಿಸಿದೆವು. ಹೊತ್ತೇರುವವರೆಗೆ ಬಿಟ್ಟು, ಕಂಬಳಿ ಇಳಿಬಿಟ್ಟು ಬೀಸಿ, ಹಣತೆ ಇಳಿಸಿದೆವು. ಹಿಂದಿನ ವರ್ಷ ಅರ್ಧ ತೆಗೆದು ಮುಚ್ಚಿದ್ದ ಹಗೇವು, ಕಾಳು ಕೆಳಗಿತ್ತು. ದೀಪ ಕುತ್ತಿಗೆ ದಾಟುವ ಮೊದಲೇ ಆರಿತು. ಮತ್ತೆ ಬೀಸಿದೆವು, ಮತ್ತೆ ಇಳಿಸಿದೆವು, ಮತ್ತೆ ಆರಿತು. ರಾತ್ರಿಯೆಲ್ಲ ಹೋಗಬೇಕಾದ ಗಾಳಿ ಒಂದು ಬೆಳಗಿನಲ್ಲಿ ಎಲ್ಲಿ ಹೋದೀತು?

ಊಟದ ಹೊತ್ತು ಹತ್ತಿರವಾಯಿತು. ಗಾಡಿಯವನು ಎತ್ತುಗಳಿಗೆ ಮೇವು ಕಟ್ಟಿ, ಇನ್ನು ತಡವಾದರೆ ತಂಗುವ ಊರು ಮುಟ್ಟುವುದಿಲ್ಲ ಎಂದು ಹೇಳಿಹೋದ. ನೆರೆದವರು ಗೊಣಗತೊಡಗಿದರು. ಅಣ್ಣನ ಮುಖ ಕೆಂಪಾಯಿತು. ಧೋತರದ ಕಚ್ಚೆ ಬಿಗಿದು ಸೊಂಟಕ್ಕೆ ಹಗ್ಗ ಸುತ್ತಿಕೊಂಡ.

“ಬೀಸಿದ್ದು ಸಾಕು. ಮೂಗು ಹಿಡಕೊಂಡು ಇಳದು, ಒಂದ ಬುಟ್ಟಿ ತುಂಬಿ ಕೊಟ್ಟು ಬರ್ತೇನಿ. ಮಕ್ಕಳು ಬರಿಗೈಲೆ ಹೋಗಬಾರ್ದು.”

“ಬ್ಯಾಡ ಅಣ್ಣಾ,” ಎಂದೆ. “ದೀಪ ನಿಂತಿಲ್ಲ.”

“ನಿನ್ನ ಹೊಟ್ಟ್ಯಾಗ ಒಂದು ಉರಿಯಾಕತ್ತದಲ್ಲ, ಅದನ್ನ ತಂದು ಬಿಡಲೇ ಒಳಗ. ಅದು ಆರೂದಿಲ್ಲ.”

ದಿಬ್ಬವೆಲ್ಲ ನಕ್ಕಿತು. ಗೌಡರೂ ನಕ್ಕರು. ನಾನು ಇನ್ನೊಮ್ಮೆ ಬೇಡ ಎಂದೆ, ನಗು ಇನ್ನಷ್ಟಾಯಿತು. ನನ್ನ ಹೊಟ್ಟೆಕಿಚ್ಚು ಊರಿಗೆಲ್ಲ ತಿಳಿದದ್ದೇ ಆಗಿತ್ತು. ಅಣ್ಣನ ಹೆಸರು ಮಕ್ಕಳ ಮುಂದೆ ಮೇಲಾಗುವುದು ಇವನಿಗೆ ಬೇಡ ಎಂದೇ ಎಲ್ಲರೂ ತಿಳಿದರು. ಬೇಡವಾಗಿದ್ದದ್ದೂ ನಿಜ. ಆದರೆ ದೀಪ ಆರಿದ್ದೂ ನಿಜ. ನಾನು ಹಗ್ಗ ಹಿಡಿಯುವುದಿಲ್ಲವೆಂದು ದೂರ ನಿಂತೆ. ಹಿಡಿಯಲು ಬೇರೆ ಇಬ್ಬರು ಮುಂದೆ ಬಂದರು. ಅಣ್ಣ ಬಾಯಿಯ ಅಂಚಿಗೆ ಕುಳಿತು ಕಾಲು ಒಳಗೆ ಬಿಟ್ಟ.

ಆಗ ವ್ಯಾಪಾರಿಯ ಮಗಳು ಮುಂದೆ ಬಂದಳು. ಕೈಯಲ್ಲಿ ಕಾಗದ ಇತ್ತು. ಜೋರು ಮಾಡಲಿಲ್ಲ, ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದಳು.

“ಕಾಕಾ, ನೀವ ಬರದೀರಿ, ದೀಪ ಆರಿದ್ರ ಯಾರೂ ಇಳಿಯೂದಿಲ್ಲ, ಧಣಿ ಹೇಳಿದ್ರೂ ಇಳಿಯೂದಿಲ್ಲ ಅಂತ. ಇವತ್ತ ಆರ್ಯಾದಲ್ರಿ. ಮತ್ತ ಹ್ಯಾಂಗ ಇಳಿಯಾಕತ್ತೀರಿ?”

ಧಣಿ ಎಂಬ ಮಾತು ಕೇಳಿ ಗೌಡರು ನೆಟ್ಟಗೆ ಕುಳಿತರು. ಅವಳು ಕಾಗದವನ್ನು ಅಣ್ಣನ ಕಣ್ಣ ಮುಂದೆ ಹಿಡಿದಳು. ಅದರಲ್ಲಿ ಏನಿದೆ ಎಂದು ಅವನಿಗೆ ತಿಳಿಯುವ ಹಾಗಿರಲಿಲ್ಲ.

“ಇದು ನೀವ ಬರದದ್ದ ಅಲ್ಲೇನ್ರಿ?”

ಅಣ್ಣ ನನ್ನ ಕಡೆ ನೋಡಿದ. ಅಂಥ ನೋಟವನ್ನು ನಾನು ಅವನ ಮುಖದಲ್ಲಿ ಅಲ್ಲಿಯವರೆಗೆ ಕಂಡಿರಲಿಲ್ಲ. ಎಷ್ಟೋ ದಿನದಿಂದ ನಾನು ಕಾಯುತ್ತಿದ್ದ ಸವಾಲು ಇದೇ. ಊರು ನೆರೆದಿದೆ, ಗೌಡರಿದ್ದಾರೆ, ಅಕ್ಕೋರಿದ್ದಾರೆ, ನಾನಾಗಿ ಹೇಳಿಕೊಳ್ಳುವುದೂ ಬೇಡ, ಕೇಳಿದ್ದಕ್ಕೆ ಜವಾಬು ಕೊಟ್ಟರೆ ಸಾಕು. ಬರೆದವನು ನಾನು ಎಂದರೆ ಮುಗಿಯಿತು. ಆದರೆ ಹಾಗೆಂದ ಕೂಡಲೇ ಆ ಸಾಲು ಹೊಟ್ಟೆಕಿಚ್ಚಿನವನ ಸಾಲಾಗುತ್ತದೆ. ಜನ ಮತ್ತೆ ನಗುತ್ತಾರೆ, ಅಣ್ಣ ಸಿಟ್ಟಿಗೆ ಇಳಿಯುತ್ತಾನೆ. ಅಣ್ಣನ ಮಾತಾಗಿ ಉಳಿದರೆ ಮಾತ್ರ ಅದು ಅವನನ್ನು ಹಿಡಿದೀತು.

“ಅವನ ಮಾತೇ ಅದು ತಂಗಿ,” ಎಂದೆ. “ನಮ್ಮ ಮನ್ಯಾಗ ಅಣ್ಣನ ಮಾತ ಕಾಯ್ದೆ. ಅಂವ ಇಳಿಯೂದಿಲ್ಲ.”

ಅಣ್ಣ ಕಾಲು ಮೇಲೆ ತೆಗೆದ. ಸೊಂಟದ ಹಗ್ಗ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು, ಗಂಟು ಬಿಗಿಯಾಗಿತ್ತು. ಯಾರೂ ನಗಲಿಲ್ಲ. ಮಾತಿಗೆ ನಿಲ್ಲುವವನು ಎಂದು ಹಿಂದಿನಿಂದ ಯಾರೋ ಹೊಗಳಿದರು.

ಮಕ್ಕಳು ಬೇವಿನ ಕೆಳಗೆ ಸುತ್ತು ಕುಳಿತರು. ಕಾಳು ನೋಡುವುದಿಲ್ಲ, ಹೊತ್ತು ಮೀರಿ ನಿಲ್ಲುವುದೂ ಇಲ್ಲ, ಇರುವ ಹೊತ್ತಿನಲ್ಲಿ ಏನು ನೋಡಬಹುದು ಎಂದು ಅವರವರೇ ಮಾತಾಡಿಕೊಂಡರು. ಪೇಶಕಾರರ ಮಗ ಬಂದು, ಚಾಚಾ, ದೀಪವನ್ನು ಇನ್ನೊಮ್ಮೆ ಇಳಿಸಬಹುದೇ ಎಂದು ಕೇಳಿದ. ಇಳಿಸಿದೆವು. ಆರಿದ ಕಡೆ ಹಗ್ಗಕ್ಕೆ ಗಂಟು ಹಾಕಿದರು. ಕಂಬಳಿ ಬೀಸಿಸಿ ಮತ್ತೆ ಇಳಿಸಲು ಹೇಳಿದರು. ಈ ಸಲ ದೀಪ ಒಂದು ಗೇಣು ಕೆಳಗೆ ಹೋಗಿ ಆರಿತು. ಇನ್ನೊಂದು ಗಂಟು. ಕೆಟ್ಟ ಗಾಳಿ ಎಷ್ಟು ತಗ್ಗಿತು, ಯಾವ ಹೊತ್ತಿಗೆ ಎಷ್ಟು, ಎಲ್ಲ ಪಾಟಿಯ ಮೇಲೆ ಏರಿತು. ನಾನು ಆರಿತೋ ನಿಂತಿತೋ ಎಂದಷ್ಟೇ ನೋಡುತ್ತ ಬಂದವನು. ಎಲ್ಲಿ ಆರಿತು ಎಂದು ಒಂದು ದಿನವೂ ಅಳೆದಿರಲಿಲ್ಲ. ನನ್ನ ಕೈಯಲ್ಲೂ ಹಗ್ಗ ಇತ್ತಲ್ಲ, ನನಗೇಕೆ ಹೊಳೆಯಲಿಲ್ಲ? ಸಂತೋಷದಿಂದ ಗಾಡಿ ಹತ್ತಿದ ಆ ಮಕ್ಕಳನ್ನು ನೋಡಿ ನನಗೆ ಅಣ್ಣನಿಗಿಂತ ಅವರ ಮೇಲೆಯೇ ಹೆಚ್ಚು ಉರಿಯಿತು.

ದೀಪ ನಿಂತದ್ದು ಮರುದಿನ ಮಧ್ಯಾಹ್ನ. ನಾನೇ ಮೊದಲು ಇಳಿದೆ. ಬೆಳಗಿನಲ್ಲಿ ಕಾಳಿನ ಆಸೆಗೆ ಹಾರಿಬಂದಿದ್ದ ಗುಬ್ಬಿಗಳು ಜೋಳದ ಮೇಲೆ ಸತ್ತುಬಿದ್ದಿದ್ದವು. ಒಂದನ್ನು ಬುಟ್ಟಿಯಲ್ಲಿ ಹಾಕಿ ಮೇಲೆ ಕಳಿಸಿದೆ. ಅಣ್ಣ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದನಂತೆ. ಆ ಸಂಜೆ ನಮ್ಮ ಕಟ್ಟೆಗೆ ಬಂದ.

“ನಿನ್ನೆ ಯಾಕ ಬಾಯಿ ಬಿಡ್ಲಿಲ್ಲಲೇ?”

“ಬಿಟ್ಟಿದ್ರ ನೀ ಇಳೀತಿದ್ದಿ.”

ತಂಬಾಕು ತಿಕ್ಕಿ ನನಗೂ ಒಂದು ಚಿಟಿಕೆ ಕೊಟ್ಟ. ಆ ಮಾತನ್ನು ನಾವಿಬ್ಬರೂ ಮುಂದೆ ಆಡಲಿಲ್ಲ.

ಶ್ರಾವಣದಲ್ಲಿ ಮಕ್ಕಳಿಂದ ಮತ್ತೆ ಕಾರ್ಡು ಬಂತು. ಈ ಸಲ ಮೇಲೆ ಅಣ್ಣನ ಹೆಸರಿತ್ತು. ತಾವು ಕಂಡದ್ದನ್ನು ಉಳಿದ ಮಕ್ಕಳಿಗೆ ಹೇಳುವ ದಿನ ಅವನೂ ಬಂದು ಕೂರಬೇಕು, ಸಣ್ಣ ಮಕ್ಕಳ ಸವಾಲಿಗೆ ಜವಾಬು ಹೇಳಬೇಕು ಎಂದು ಕರೆದಿದ್ದರು. ಓದಿ ಹೇಳಿದವನು ನಾನೇ. ಯಾವ ಸವಾಲಿಗೆ ಏನು ಹೇಳಬೇಕೆಂದು ಕಲಿಸಿದವನೂ ನಾನೇ. ಅವನು ಪಾಠ ಕಲಿಯುವವರ ಹಾಗೆ ಕಾಲು ಮಡಿಚಿ ಕೂತು ಕೇಳಿದ. ಒಂದು ಸಲ ತಡೆದು, ನೀನೂ ನಡಿ ಎಂದ. ಬಿತ್ತಿಗೆಯ ಕೆಲಸವಿದೆ ಎಂದೆ. ಅವನನ್ನು ಕುರ್ಚಿಯ ಮೇಲೆ ಕೂರಿಸುವುದನ್ನು ಹಿಂದೆ ನಿಂತು ನೋಡುವ ಶಕ್ತಿ ನನಗಿರಲಿಲ್ಲ.

ಕೂರಿಸಿದರಂತೆ. ಕಾಗದಗಳನ್ನು ಹಲಗೆಯ ಮೇಲೆ ಅಂಟಿಸಿ ಅವನ ಹೆಸರು ಬರೆದಿದ್ದರಂತೆ. ಬಂದವನು ಅದನ್ನು ಊರಿಗೆಲ್ಲ ಹೇಳಿದ, ನನಗೆ ಮಾತ್ರ ಹೇಳಲಿಲ್ಲ. ರೊಟ್ಟಿ ಬಡಿಸುತ್ತ ನನಗೆ ಹೇಳಿದ್ದು ಹೆಂಡತಿ. ಆ ರೊಟ್ಟಿ ನನಗೆ ಸೇರಲಿಲ್ಲ.

ಉರಿ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಹಗೇವು ತೆಗೆಯುವ ದಿನ ಜನ ಇಂದಿಗೂ ಅವನ ಹೆಸರನ್ನೇ ಕೂಗುತ್ತಾರೆ. ಅವನು ಇಂದಿಗೂ ನಗುತ್ತಾನೆ. ಆದರೆ ಹಿಂದಿನ ಸಂಜೆ ಕಲ್ಲು ಸರಿಯದೆ ಮರುದಿನ ರುಮಾಲು ಸುತ್ತುವುದಿಲ್ಲ.

ಈಗ ನನಗಿರುವುದು ಇಷ್ಟು. ಹಾರೆ ಎರಡು, ಗುದ್ದಲಿ ಒಂದು, ಗಂಟು ಹಾಕಿದ ಹಗ್ಗ ಒಂದು. ಎತ್ತು ಒಂದು ಜೋಡಿ. ಎರಡು ಅಂಕಣದ ಮನೆ. ಹೆಂಡತಿ, ಒಬ್ಬ ಮಗ, ಒಬ್ಬ ಮಗಳು, ಇಬ್ಬರೂ ಓದುತ್ತಿದ್ದಾರೆ. ಓಣಿಯ ಆಚೆ ಅಣ್ಣ ಒಬ್ಬ.